ಮೆಟ್ಟಿಲಿಲ್ಲದ ಮನೆ

ಶವಸಂಸ್ಕಾರಕ್ಕೆಂದು ತೊಟ್ಟಿದ್ದ ಕರಿಕೋಟಿನಲ್ಲೇ ಊರಿನ ರಿಪೇರಿ ಕೆಲಸದ ಎಮೆಟ್ ಮನೆಯಡಿಯ ಕಿಂಡಿಗೆ ತಲೆ ತೂರಿಸುತ್ತಿದ್ದ. ಕೈಯಲ್ಲಿ ಸ್ಪ್ಯಾನರು, ಬಾಯಲ್ಲಿ ಟಾರ್ಚು.

"ಲೋ, ಕೋಟಾದ್ರೂ ಬಿಚ್ಚೋ! ನಿನ್ನ ಹತ್ರ ಇರೋದೇ ಅದೊಂದು," ಎಂದು ಪಕ್ಕದ ಮನೆಯ ಮೇವಿಸ್ ಬಾಗಿಲಲ್ಲಿ ನಿಂತು ಕೂಗಿದಳು.

ಎಮೆಟ್ ಟಾರ್ಚನ್ನು ಬಾಯಿಂದ ತೆಗೆದು, ಅವಳ ಹಿಂದೆ ಕೋಲೂರಿಕೊಂಡು ನಿಂತಿದ್ದ ಲೊರೀನಳತ್ತ ನೋಡಿದ. "ಅಮ್ಮಾ, ಇನ್ನೊಂದ್ಸಲ ಕೇಳ್ತೀನಿ. ಪೈಪಿನ ನೀರೆಲ್ಲ ಇಳಿಸಿಬಿಡ್ಲಾ? ಇವತ್ತು ರಾತ್ರಿ ನೀರು ಹೆಪ್ಪುಗಟ್ಟೋ ಚಳಿ. ಖಾಲಿ ಮನೆ ಪೈಪಲ್ಲಿ ನೀರು ಬಿಟ್ರೆ ಬೆಳಗಾಗೋಷ್ಟರಲ್ಲಿ ಎಲ್ಲಾ ಸೀಳಿಹೋಗುತ್ತೆ."

"ಇಳಿಸಪ್ಪಾ. ಬೆಳಗಿನ ಬಸ್ಸಿಗೆ ನಾನು ಹೊರಟೆ. ಆಮೇಲೆ ಇಲ್ಲಿ ಯಾರಿರ್ತಾರೆ?"

"ಅಲ್ಲಾ, ಈ ಊರಲ್ಲಿ ಒಂದ್ಸಲ ನೀರಿಳಿಸಿದ ಮನೇಲಿ ಮತ್ತೆ ದೀಪ ಹತ್ತಿದ್ದು ನಾನಂತೂ ನೋಡಿಲ್ಲ. ಅದಕ್ಕೇ ಕೇಳ್ದೆ."

"ಕೇಳಿದ್ಯಲ್ಲ, ಹೇಳಿದ್ನಲ್ಲ," ಎಂದಳು ಲೊರೀನ್. ಬೇಡವೆಂದರೂ ದನಿ ಒರಟಾಯಿತು.

ಎಮೆಟ್ ಹೇಳಿದ್ದು ಸುಳ್ಳಲ್ಲ. ಪೇಲ್ ಬ್ಯುಟ್ ಎಂಬ ಈ ಊರಲ್ಲಿ ಇರುವುದೇ ನಲವತ್ತು ಮನೆ. ಅದರಲ್ಲಿ ಹನ್ನೊಂದು ಹಾಗೆ ನೀರಿಳಿಸಿಕೊಂಡು, ಕಿಟಕಿಗೆ ಹಲಗೆ ಬಡಿಸಿಕೊಂಡು ಕೂತಿವೆ. ಸುತ್ತ ಕಣ್ಣು ಹಾಯುವಷ್ಟು ದೂರ ಬೂದಿಬಣ್ಣದ ಕುರುಚಲು, ಅದರ ಮೇಲೆ ಬೇಡವೆನ್ನುವಷ್ಟು ಆಕಾಶ.

ಈ ಮನೆಯ ಒಡತಿ, ಲೊರೀನಳ ಅಕ್ಕ ಆರ್ವಿಲಾಳನ್ನು ಮಣ್ಣು ಮಾಡಿ ಬಂದು ಎರಡು ಗಂಟೆಯಾಗಿತ್ತು. ಊರಿಗೆ ಊರೇ ಬಂದಿತ್ತು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮುಚ್ಚಿದ ಬಟ್ಟಲು. ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯೇ ಆರು ಮನೆಯದ್ದು. ಉಂಡರು, ಅತ್ತರು, ಆರ್ವಿಲಾಳನ್ನು ನೆನೆದು ನಕ್ಕರು.

"ಫೋಟೋ ನೋಡಿ ಮನೆ ಕೊಂಡ ಪುಣ್ಯಾತ್ಗಿತ್ತಿ!" ಎಂದಿದ್ದಳು ಮೇವಿಸ್. "ಫೋಟೋದಲ್ಲಿದ್ದ ಮರ ನಮ್ಮ ಹಿತ್ತಲಿಂದು. ಬಂದವಳೇ 'ನನ್ನ ಮರ ಎಲ್ಲಿ?' ಅಂತ ನನ್ನ ಜತೆ ಜಗಳಕ್ಕೇ ನಿಂತ್ಲು!"

ಎಲ್ಲರೂ ನಕ್ಕಾಗ ಲೊರೀನಳಿಗೆ ನಗು ಬರಲಿಲ್ಲ. ಆ ಫೋಟೋ ಅವಳೂ ನೋಡಿದ್ದಳು.

*

ಎಂಟು ವರ್ಷದ ಹಿಂದಿನ ಮಾತು. ಗಂಡಂದಿರು ಹೋದ ಮೇಲೆ ಅಕ್ಕತಂಗಿ ಇಬ್ಬರೂ ಪೋರ್ಟ್‌ಲೆಂಡಿನಲ್ಲಿ ಒಟ್ಟಿಗೇ ಇದ್ದರು, ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾಗಿದ್ದ ಆರ್ವಿಲಾ ಆವತ್ತು ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದು ಫೋಟೋ ತೋರಿಸಿದಳು.

"ನೋಡೇ ಕುಳ್ಳಿ, ಮನೆ ಕೊಂಡೆ! ಒಂದೇ ಅಂತಸ್ತು. ಹೊರಡು."

ಲೊರೀನ್ ಸಿಂಕಿನ ಮುಂದೆ ಮರದ ಮಣೆಯ ಮೇಲೆ ನಿಂತು ಪಾತ್ರೆ ತೊಳೆಯುತ್ತಿದ್ದಳು. ಆರಡಿ ಅಕ್ಕನಿಗೆ ಐದಡಿಗೂ ಕಡಿಮೆಯ ತಂಗಿ. ಮಂಡಿ ಆಗಲೇ ಕೈಕೊಟ್ಟಿತ್ತು. ವಾರಕ್ಕೊಮ್ಮೆ ಕೆಳಗಿಳಿದರೆ ಹೆಚ್ಚು.

"ಆ ಮರಳುಗಾಡಿಗಾ? ಆಸ್ಪತ್ರೆಗೆ ನೂರು ಮೈಲಿ. ಮುಪ್ಪಿಗೊಬ್ಬಳು ಚಾಕರಿಯವಳು ಬೇಕು ನಿಂಗೆ, ಅದಕ್ಕೇ ಕರೀತಿದ್ದೀಯ."

"ಬಂದು ನೋಡಾದ್ರೂ ನೋಡೇ."

"ನೀನು ಸತ್ತಾಗ ಬರ್ತೀನಿ, ಹೋಗು!"

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಆರ್ವಿಲಾ ಮತ್ತೆ ಕರೆಯಲಿಲ್ಲ. ಭಾನುವಾರಕ್ಕೊಮ್ಮೆ ಫೋನು ಮಾಡುವಳು. ಬೆನ್ನು ನೋವು ಅನ್ನುವಳು. "ಅಲ್ಲಿಗೆ ಹೋಗು ಅಂದವರ್ಯಾರು?" ಎಂದು ಲೊರೀನ್ ಕುಟುಕುವಳು. ಕೊನೆಗೆ ಆಡಿದ ಮಾತನ್ನು ಅಕ್ಷರಶಃ ನಡೆಸಿಕೊಟ್ಟು, ಈ ಬೆಳಿಗ್ಗೆ ಬಂದಿಳಿದಿದ್ದಳು.

*

"ನೀರು ಹೋಗೋಕೆ ಮುಂಚೆ ಇದಿಷ್ಟು ತೊಳೆದುಬಿಡೋಣ," ಎಂದು ಮೇವಿಸ್ ತಟ್ಟೆ ತಂದಿಟ್ಟಳು.

ಲೊರೀನ್ ಸಿಂಕಿನ ಮುಂದೆ ನಿಂತಳು. ಅಭ್ಯಾಸಬಲದಿಂದ ಕಾಲು ಮಣೆಯನ್ನು ತಡಕಿತು. ಮಣೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಕಟ್ಟೆ ಅವಳ ಸೊಂಟಕ್ಕೆ ಸರಿಯಾಗಿತ್ತು, ನಲ್ಲಿ ಕೈಗೆಟುಕುವಂತಿತ್ತು.

"ಮೇವಿಸ್, ಈ ಕಟ್ಟೆ ಯಾಕೆ ಇಷ್ಟು ತಗ್ಗು?"

"ಅಯ್ಯೋ, ಅದಾ? ಬಂದ ಮೊದಲನೇ ವಾರವೇ ಎಮೆಟ್ ಕೈಲಿ ಕೊಯ್ಸಿದ್ಲು. ಬಾಗಿಲಲ್ಲಿದ್ದ ಮೂರು ಮೆಟ್ಟಿಲನ್ನೂ ಕೀಳಿಸಿ ಇಳಿಜಾರು ಹಾಕ್ಸಿದ್ಲು. 'ಮೇಕೆ ಥರ ಗುಡ್ಡ ಹತ್ತೋಳು, ನಿಂಗ್ಯಾಕೇ ಇದೆಲ್ಲ?' ಅಂದೆ. 'ನಂಗಲ್ಲ, ನನ್ನ ಕುಳ್ಳಿಗೆ. ಹಠಮಾರಿ, ಬರೋದು ಸ್ವಲ್ಪ ತಡ ಆಗುತ್ತೆ' ಅಂದ್ಲು." ಮೇವಿಸ್ ತಟ್ಟೆ ಒರೆಸುತ್ತ ನಿಟ್ಟುಸಿರಿಟ್ಟಳು. "ಎಂಟು ವರ್ಷ ನಡು ಬಗ್ಗಿಸಿಕೊಂಡೇ ಪಾತ್ರೆ ತೊಳೆದ್ಲು ಮಾರಾಯ್ತಿ. ಬೆನ್ನಿಗೆ ಮುಲಾಮು ನನ್ನ ಹತ್ರಾನೇ ಇಸ್ಕೊಂಡು ಹೋಗೋಳು. ಎತ್ತರಿಸ್ಕೊಳ್ಳೇ ಅಂದ್ರೆ ಕೇಳಬೇಕಲ್ಲ!"

ಬೆಳಿಗ್ಗೆ ಬಸ್‌ಸ್ಟಾಪಿನಿಂದ ಕರೆತಂದ ಕಾರಿನಿಂದಿಳಿದು ಅಡುಗೆಮನೆಯವರೆಗೂ ತಾನು ಒಂದು ಕಡೆಯೂ ಕಾಲೆತ್ತಿ ಇಟ್ಟಿರಲಿಲ್ಲ ಎಂಬುದು ಲೊರೀನಳಿಗೆ ಈಗ ಹೊಳೆಯಿತು. ಅಕ್ಕನ ಶವಪೆಟ್ಟಿಗೆಯ ಮುಂದೆ ಬಾರದಿದ್ದ ಅಳು ತಟ್ಟೆಯ ಮುಂದೆ ಬಂತು. ಸೋಪಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿದಳು. "ನನ್ನ ನಾಲಗೆಗೆ ಬೆಂಕಿ ಹಾಕ! ಬೆನ್ನು ನೋವು ಅಂದಾಗಲೆಲ್ಲ ಕುಟುಕ್ತಿದ್ದೆ ಕಣೇ."

ನೆಲದಡಿಯಿಂದ ಟಣ್ ಟಣ್ ಎಂದು ಸದ್ದಾಯಿತು. "ಅಮ್ಮಾ, ತಿರುಗಿಸ್ತಿದ್ದೀನಿ!"

ಲೊರೀನ್ ಕೋಲೆತ್ತಿ ನೆಲಕ್ಕೆ ಬಡಿದಳು. "ಬೇಡ! ಮುಟ್ಟಬೇಡ ಅದನ್ನ! ಮೇಲೆ ಬಾರೋ!"

"ಬಸ್ಸು?" ಎಂದಳು ಮೇವಿಸ್.

"ನಾನಿಲ್ಲದಿದ್ರೆ ಬಸ್ಸು ನಿಂತುಹೋಗುತ್ತಾ? ಹೋಗ್ಲಿ ಅದರ ಪಾಡಿಗೆ."

ಎಮೆಟ್ ಕೋಟಿಗೆಲ್ಲ ಧೂಳು ಮೆತ್ತಿಕೊಂಡು ಒಳಗೆ ಬಂದ. ಇಬ್ಬರ ಮುಖವನ್ನೂ ನೋಡಿದ. "ಹಾಗಾದ್ರೆ ಮಲಗೋವಾಗ ನಲ್ಲೀನ ಪೂರ್ತಿ ನಿಲ್ಲಿಸ್ಬೇಡಿ. ನೂಲೆಳೆಯಷ್ಟು ಬಿಟ್ಟಿರಿ. ಹರಿಯೋ ನೀರು ಹೆಪ್ಪುಗಟ್ಟಲ್ಲ," ಎಂದ.

ಅವರು ಹೋದ ಮೇಲೆ ಲೊರೀನ್ ಸಿಂಕಿನ ಮುಂದೆ ಬಂದು ನಿಂತಳು. ಕಿಟಕಿಯಲ್ಲಿ ಮೇವಿಸಳ ಮರದ ತುದಿಗೆ ಇನ್ನೂ ಬಿಸಿಲಿತ್ತು. ಎರಡು ಪಾದವನ್ನೂ ನೆಲಕ್ಕೆ ಊರಿ, ಮೊಣಕೈ ಕಟ್ಟೆಗೆ ಕೊಟ್ಟು, ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದಳು. ನೀರು ಮೊದಲು ಹನಿಯಿತು, ಆಮೇಲೆ ಎಳೆಯಾಗಿ ಇಳಿಯತೊಡಗಿತು.