ಕೊಳವೆಗೆ ಅಭಿಷೇಕ

ಚೌಳಹಿರಿಯೂರಿನಲ್ಲಿ ಟ್ರ್ಯಾಕ್ಟರೇ ಬರಲಿ, ಮಿಕ್ಸಿಯೇ ಬರಲಿ, ನೀರು ಚಿಮುಕಿಸಿ ಬೊಟ್ಟಿಡದೆ ಯಾರೂ ಸ್ವಿಚ್ ಒತ್ತುವುದಿಲ್ಲ. ಅಕ್ಕ ನಿಶ್ಚಿತಾ ಲ್ಯಾಬಿನಿಂದ ಬಿಳಿ ಕೊಳವೆಯೊಂದನ್ನು ತಂದು ಜಗಲಿಯ ಮೇಲಿಟ್ಟು, ಗೋಬರ್ ಗ್ಯಾಸಿಗೆ ಪೈಪು ಜೋಡಿಸಲು ಹಿತ್ತಿಲಿಗೆ ಹೋದದ್ದೇ ತಡ, ತಮ್ಮ ಸುದೀಪ ಅದನ್ನು ತೊಟ್ಟಿಯಲ್ಲಿ ಮುಳುಗಿಸಿ ಮೀಯಿಸಿದ.

ಕೊಳವೆಯನ್ನು ಲೋಹದ ಕವಚದೊಳಗೆ ಕೂರಿಸಿ ಗ್ಯಾಸು ಬಿಟ್ಟರೆ ಕವಚದ ಬಾಯಿಂದ ಉಸಿರೇ ಇಲ್ಲ. ನಿಶ್ಚಿತಾ ಬಿಚ್ಚಿ ಮುಟ್ಟಿ ನೋಡಿದಳು.

"ಲೇ, ಇದನ್ನ ತೊಳೆದ್ಯೇನೋ?"

"ಪೂಜೆ ಕಣಕ್ಕ. ಹೀರೋ ಕಟೌಟಿಗೆ ಹಾಲು ಸುರೀತಾರೆ, ಇದಕ್ಕೆ ನೀರಾದ್ರೂ ಬೇಡ್ವಾ?"

ಅವಳು ಬೈಯಲಿಲ್ಲ, ಕುಸಿದು ಕೂತಳು.

"ಇದ್ರ ಮೈಮೇಲೆ ಜಿಯೋಲೈಟ್ ಹರಳು ಬೆಳೆಸಿದೀನಿ ಕಣೋ. ಗ್ಯಾಸಲ್ಲಿರೋ ಕಾರ್ಬನ್ ಡೈಆಕ್ಸೈಡ್ ಅದ್ರ ತೂತಲ್ಲಿ ನುಸುಳಿ ಆಚೆ ಬರುತ್ತೆ, ಉರಿಯೋ ಮೀಥೇನ್ ಒಳಗೇ ಉಳಿದು ಒಲೆಗೆ ಹೋಗುತ್ತೆ. ಆ ತೂತಿಗೆಲ್ಲ ನೀರು ಕುಡಿಸಿದ್ದೀಯ."

"ನಂಗೊಂದು ತೂತೂ ಕಾಣ್ಲಿಲ್ವಲ್ಲಕ್ಕ?"

"ನಿನ್ನ ಒಂದು ಕೂದ್ಲಿನ ದಪ್ಪದಲ್ಲಿ ಲಕ್ಷ ತೂತು ಸಾಲಾಗಿ ನಿಲ್ತವೆ."

ಸುದೀಪ ತಲೆಯಿಂದೊಂದು ಕೂದಲು ಕಿತ್ತು ಬೆಳಕಿಗೆ ಹಿಡಿದ. ಕೂದಲೇ ಸರಿಯಾಗಿ ಕಾಣಲೊಲ್ಲದು.

"ಮಿಕ್ಕ ಕೊಳವೆಗಳೆಲ್ಲ ಸೀಳಿ ಹೋಗಿ ಇದೊಂದು ಉಳಿದಿತ್ತು. ನಾಳೆ ನಮ್ಮ ಗೈಡ್ ಇದನ್ನ ನೋಡೋಕೆ ಬರ್ತಾರೆ," ಎನ್ನುತ್ತಲೇ ನಿಶ್ಚಿತಾ ಥಟ್ಟನೆ ಎದ್ದಳು. "ಕಾಯಿಸಿದ್ರೆ ನೀರು ಬಿಡುತ್ತೆ. ಆದ್ರೆ ಮೆಲ್ಲಗೆ ಕಾಯಿಸ್ಬೇಕು, ಬಿಸಿ ಒಮ್ಮೆಗೇ ಏರಿದ್ರೆ ಇದೂ ಬಿರಿಯುತ್ತೆ. ನಡಿ, ಈರಕ್ಕನ ಮಂಡಕ್ಕಿ ಭಟ್ಟಿಗೆ."

ಕೊಳವೆಯನ್ನು ಕಬ್ಬಿಣದ ಪೈಪಿನೊಳಗಿಟ್ಟು, ಭಟ್ಟಿಯ ತಣ್ಣನೆಯ ಮರಳಿನಲ್ಲಿ ಹೂತರು. ಒಲೆಯ ಬಾಯಲ್ಲಿ ಸುದೀಪನೇ ಕೂತ.

"ಏನ್ಲಾ, ಕಬ್ಬಿಣ ಹುರಿದ್ರೆ ಅರಳುತ್ತಾ?" ಈರಕ್ಕ ನಕ್ಕಳು.

"ಅರಳಿದ್ರೆ ನನ್ನ ಕಥೆ ಇಂಟರ್ವಲ್ಲಿಗೇ ಮುಗೀತು ಈರಕ್ಕ."

ಒಂದೊಂದೇ ತೆಂಗಿನ ಚಿಪ್ಪು ಒಲೆಗಿಟ್ಟು ಮರಳನ್ನು ಬಿಸಿಯೇರಿಸಿದ. ಕಣ್ಣಲ್ಲಿ ನೀರು, ಹೊಗೆಗೋ ಹೆದರಿಕೆಗೋ. ಉರಿ ತೆಗೆದ ಮೇಲೂ ಮರಳು ತಾನಾಗಿ ಆರುವ ತನಕ ಅಲ್ಲಾಡಲಿಲ್ಲ.

ಸಂಜೆ ಮತ್ತೆ ಗ್ಯಾಸು ಬಿಟ್ಟರು. ಕವಚದ ಬಾಯಿಂದ ಸಣ್ಣಗೆ ಉಸಿರು ಬಂತು.

"ಬಿರುಕು ಬಿಟ್ಟಿದ್ರೆ ಮೀಥೇನೂ ನುಗ್ಗಿ ಇಲ್ಲೇ ಬೆಂಕಿ ಹತ್ಕೊಳುತ್ತೆ," ಎಂದು ನಿಶ್ಚಿತಾ ಬೆಂಕಿಪೊಟ್ಟಣ ಕೊಟ್ಟಳು. "ಹಿಡಿ."

ಸುದೀಪ ಗೀರಿದ. ಕಡ್ಡಿಯನ್ನು ಕವಚದ ಬಾಯಿಗೆ ಹಿಡಿದ. ಯಾರೋ ಬೆರಳಲ್ಲಿ ಚಿವುಟಿದಂತೆ ಕಡ್ಡಿ ಆರಿತು.

ನಿಶ್ಚಿತಾ ಕೊಳವೆಯ ತುದಿಗೆ ಜೋಡಿಸಿದ್ದ ಒಲೆ ಹೊತ್ತಿಸಿದಳು. ನಿನ್ನೆ ತನಕ ತೂಕಡಿಸುತ್ತಿದ್ದ ಉರಿ ನೀಲಿಯಾಗಿ ನೆಟ್ಟಗೆ ಎದ್ದು ನಿಂತಿತು.

ಗೇಣುದ್ದದ ಕೊಳವೆ. ಅದೇ ಸಗಣಿ, ಅದೇ ಗ್ಯಾಸು. ಒಂದು ಕಡೆ ಬೆಂಕಿಯನ್ನು ನುಂಗುತ್ತದೆ, ಇನ್ನೊಂದು ಕಡೆ ಬೆಂಕಿಯಾಗಿ ಏಳುತ್ತದೆ. ನಡುವೆ ಇರುವುದು ಯಾರ ಕಣ್ಣಿಗೂ ಕಾಣದ ಬಾಗಿಲುಗಳು. ಸುದೀಪ ಇನ್ನೊಂದು ಕಡ್ಡಿ ಗೀರಿದ. ಅದೂ ಆರಿತು. ಮತ್ತೊಂದು ಗೀರಿದ.

"ಸಾಕು ಬಿಡೋ, ಪೊಟ್ಟಣ ಖಾಲಿ ಮಾಡ್ತೀಯಾ?"

"ಇನ್ನೊಂದೇ ಒಂದ್ಸಲ ಕಣಕ್ಕ," ಅಂದ, ಕೊಳವೆಯಿಂದ ಕಣ್ಣು ಕೀಳದೆ.