ಮ್ಯಾಂಡೆವಿಲ್‌ನಲ್ಲಿ ಅನ್ನ

ಸೀಮೆಬದನೆಕಾಯಿ, ಹೌದು, ಸೀಮೆಬದನೆಕಾಯಿಯೇ, ಗೋಣಿಚೀಲ ಹಾಸಿ ಗುಡ್ಡೆ ಹಾಕಿದ್ದಾರೆ, ಪಕ್ಕದಲ್ಲಿ ದಂಟಿನ ಸೊಪ್ಪಿನ ಕಂತೆ, ಇಲ್ಲಿಯವರು ಅದಕ್ಕೆ ಬೇರೇನೋ ಹೆಸರು ಹೇಳುತ್ತಾರೆ, ಹೆಸರು ಕಟ್ಟಿಕೊಂಡು ನನಗೇನು, ಎಲೆ ಮುರಿದು ಮೂಸಿ ನೋಡಿದೆ, ದಂಟೇ — ಹುಣಸೆಹಣ್ಣಿದೆ, ಶುಂಠಿಯಿದೆ, ತೆಂಗಿನಕಾಯಿ ರಾಶಿ ಬಿದ್ದಿದೆ, ಮತ್ತೆ ಈ ಮನುಷ್ಯ ಆಗ ಕಾಗದದಲ್ಲಿ ಬರೆದದ್ದೇನು, ಇಲ್ಲಿ ಹುಲ್ಲೊಂದು ಬಿಟ್ಟು ತಿನ್ನುವಂಥದ್ದು ಏನೂ ಸಿಗುವುದಿಲ್ಲ ಅಂತ. ರೀ, ಇದೆಲ್ಲ ಆಗಲೂ ಸಿಗ್ತಿತ್ತಾ, ಅಂದೆ, ಇವರು ಕ್ಯಾಮೆರಾ ಹಿಡಿದು ಕೋರ್ಟ್ ಕಟ್ಟಡದ ಫೋಟೋ ತೆಗೆಯುತ್ತಿದ್ದಾರೆ, ಯಾವಾಗ, ಅಂದರು, ನೀವು ಇಲ್ಲಿದ್ದಾಗ, ಅರವತ್ತೊಂಬತ್ತರಲ್ಲಿ, ಅಂದೆ, ಸಿಗ್ತಿತ್ತೇನೋ, ಯಾರು ನೋಡಿದ್ರು, ಎಲ್ಲ ಅಡುಗೆಯವಳು ಐವಿ ನೋಡ್ಕೋತಿದ್ಲಲ್ವಾ. ಯಾರು ನೋಡಿದ್ರು ಅಂತೆ. ಬೆಳಗ್ಗೆಯಿಂದ ಕುಣಿಯುತ್ತಿದ್ದಾರೆ ಮುದುಕರು, ಎಡಗಡೆ ಡ್ರೈವ್ ಮಾಡೋದು ನೋಡು ನಮ್ಮೂರಿನ ಥರಾನೇ, ಗಾಳಿ ನೋಡು ಎಷ್ಟು ತಣ್ಣಗಿದೆ, ಮಣ್ಣು ನೋಡು ಎಷ್ಟು ಕೆಂಪು, ಜಮೈಕಾ ಅಂದ್ರೆ ಬರೀ ಸಮುದ್ರ ಅಂದ್ಕೊಂಡಿದ್ಯಲ್ಲ, ನೋಡು ಬೆಟ್ಟದ ಮೇಲೆ ಎಂಥ ಊರು. ನಾನು ಯಾಕೆ ಅಂದುಕೊಳ್ಳಲಿ, ನಾನು ಅಂದುಕೊಂಡದ್ದೆಲ್ಲ ಇವರು ಬರೆದದ್ದೇ. ಮಗಳು ರೆಸ್ಟನ್‌ನಿಂದ ಟಿಕೆಟ್ ಕಳಿಸಿದಳು, ಅಪ್ಪ ರಿಟೈರ್ ಆಗೋ ಮುಂಚೆ ಹಳೇ ಹಾಸ್ಪಿಟಲ್ ನೋಡ್ಲಿ ಅಮ್ಮ, ಜಸ್ಟ್ ಗೋ, ಅಂದಳು. ಮಗಳಿಗೇನು ಗೊತ್ತು. ಇವರಿಗೇ ಗೊತ್ತಿಲ್ಲ.

ಯಾರಿಗೂ ಗೊತ್ತಿಲ್ಲ, ಅದೇ ಅಲ್ಲವೇ ನನ್ನ ದೊಡ್ಡಸ್ತಿಕೆ, ಇಪ್ಪತ್ತೈದು ವರ್ಷದಿಂದ ಅಮೆರಿಕದ ಗ್ರೀನ್‌ವಿಲ್‌ನ ಆ ಮನೆಯಲ್ಲಿ ಇವರು ಪೇಷಂಟು ಪೇಷಂಟು ಅಂತ ಓಡಿಹೋದಾಗ, ನನ್ನ ಹುಟ್ಟುಹಬ್ಬ ಮರೆತಾಗ, ನಾಲ್ಕು ಜನರ ಮುಂದೆ ನಿನಗೇನು ಅರ್ಥವಾಗುತ್ತೆ ಅಂದಾಗ, ಹೋಗಲಿ ಬಿಡು ವಿದ್ಯಾವತಿ, ನೀನು ಇವರಿಗೋಸ್ಕರ ಮಾಡಿದ್ದನ್ನು ಯಾವ ಹೆಂಡತಿ ಮಾಡಿದ್ದಾಳೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡದ್ದು. ಮದುವೆಯಾಗಿ ಐದೇ ತಿಂಗಳು, ನನಗೆ ಇಪ್ಪತ್ತೊಂದು, ಮೂರು ವರ್ಷ ಜಮೈಕಾದಲ್ಲಿ ಕೆಲಸ, ಆಮೇಲೆ ಅಮೆರಿಕ, ಅಲ್ಲಿವರೆಗೆ ನೀನು ಮೈಸೂರಲ್ಲೇ ಇರು ಅಂದು ಹೊರಟರು. ಕಾಗದ ಬಂದರೆ ಮಾವನವರು ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಓದುವರು, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಬೇಕು, ಹೆಂಡತಿಗೆ ಅಂತ ಬೇರೆ ಕಾಗದ ಎಲ್ಲಿಂದ ಬರಬೇಕು. ಅನ್ನದ ಮುಖ ನೋಡಿ ನಾಲ್ಕು ತಿಂಗಳಾಯಿತು, ಅಂತ ಓದಿದರು ಒಂದು ದಿನ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಊಟಕ್ಕೆ ಕೂತರು, ನನಗೆ ತುತ್ತು ಇಳಿಯಲಿಲ್ಲ. ಮಾರನೆಯ ದಿನ ದೇವರ ಮುಂದೆ ನಿಂತು ಹರಕೆ ಹೊತ್ತೆ, ಇವರು ನನ್ನೆದುರು ಕೂತು ಅನ್ನ ಉಣ್ಣುವವರೆಗೆ ನಾನೂ ಮುಟ್ಟುವುದಿಲ್ಲ. ಹರಕೆಯನ್ನು ಬಾಯಿಬಿಟ್ಟು ಹೇಳಬಾರದು ಅಂತ ನಮ್ಮಮ್ಮ ಹೇಳುತ್ತಿದ್ದಳು, ಹೇಳಲಿಲ್ಲ, ಅನ್ನ ತಿಂದರೆ ಶೀತ ಆಗುತ್ತೆ ಅಂದೆ, ಅತ್ತೆ ಅಕ್ಕಿ ಉಳಿಯಿತು ಅಂದರು. ಮೂರು ವರ್ಷ. ಬರೀ ಅನ್ನವಲ್ಲ, ದೋಸೆಯಿಲ್ಲ, ಇಡ್ಲಿಯಿಲ್ಲ, ಅದರಲ್ಲೂ ಅಕ್ಕಿಯಿದೆಯಲ್ಲ, ಹದಿನಾಲ್ಕು ಜನರಿಗೆ ಬಿಸಿಬೇಳೆಬಾತ್ ಬೇಯಿಸಿ ಬಡಿಸಿ ನಾನು ಒಲೆಯ ಪಕ್ಕ ಒಣ ಚಪಾತಿ ತಿಂದೆ, ಸಂಕ್ರಾಂತಿಯ ಹುಗ್ಗಿಯ ವಾಸನೆಗೆ ಬಾಯಲ್ಲಿ ನೀರೂರಿ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ, ಥೂ, ಎಂಥ ಪೆದ್ದು ಹುಡುಗಿ, ಅತ್ತದ್ದು ಹಸಿವಿಗೋ ಇವರಿಗೋ ಆಗಲೂ ಗೊತ್ತಿರಲಿಲ್ಲ. ಎಪ್ಪತ್ತೆರಡರಲ್ಲಿ ಗ್ರೀನ್‌ವಿಲ್‌ಗೆ ಬಂದ ಮೊದಲ ಸಂಜೆ ಅನ್ನ ಮಾಡಿ ಇವರೆದುರು ಕೂತೆ, ಮೊದಲ ತುತ್ತಿಗೇ ನನ್ನ ಕಣ್ಣು ತುಂಬಿತು, ಅಕ್ಕಿ ಸ್ವಲ್ಪ ಗಟ್ಟಿ ಕಣೆ, ಅಂದರು.

ಐವಿಯ ಮನೆ ಆಸ್ಪತ್ರೆಯ ಹಿಂದಿನ ಏರಿನಲ್ಲಿ, ಎಪ್ಪತ್ತು ದಾಟಿದ ಹೆಂಗಸು, ಆಗ ಇವರಿಗೆ ಅಡುಗೆ ಮಾಡಿ ಹಾಕುತ್ತಿದ್ದವಳು, ಇವರನ್ನು ಅಪ್ಪಿಕೊಂಡಳು, ನನ್ನನ್ನೂ ಅಪ್ಪಿಕೊಂಡಳು, ಒಳ್ಳೆಯವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಮೇಜಿನ ಮೇಲೆ ಪಾತ್ರೆಯ ಮುಚ್ಚಳ ತೆಗೆದಳು, ಅನ್ನ. ತೆಂಗಿನಹಾಲಿನಲ್ಲಿ ಹುರುಳಿಕಾಯಿ ಬೀಜ ಹಾಕಿ ಬೇಯಿಸಿದ ಅನ್ನ, ಇನ್ನೊಂದು ಪಾತ್ರೆಯಲ್ಲಿ ಬಿಳಿ ಅನ್ನ, ಬೇರೆಯಾಗಿ, ಡಾಕ್ಟರಿಗೋಸ್ಕರ. ಸೌಟು ತುಂಬ ತುಂಬ ಇವರಿಗೆ ಬಡಿಸುತ್ತ ನನಗೆ ಹೇಳುತ್ತಾಳೆ, ನಿನ್ನ ಗಂಡನಿಗೆ ಮಧ್ಯಾಹ್ನವೂ ಅನ್ನ ಬೇಕು, ರಾತ್ರಿಯೂ ಅನ್ನ ಬೇಕು, ಬಂದ ಮೊದಲ ವಾರದಿಂದ ಒಂದು ದಿನ ತಪ್ಪಿಸಿದವನಲ್ಲ, ಒಂದು ಸಲ ಅಂಗಡಿಯಲ್ಲಿ ಅಕ್ಕಿ ಮುಗಿದಿದ್ದಕ್ಕೆ ನಾನು ಪಕ್ಕದ ಊರಿಗೆ ಹೋಗಿ ತಂದೆ. ಇವರು ನಗುತ್ತಾರೆ, ಬಾಯಿ ತುಂಬ ಅನ್ನ ಇಟ್ಟುಕೊಂಡು ನಗುತ್ತಾರೆ. ಮೊದಲ ವಾರದಿಂದ. ಮೆಲ್ಲಗೆ ಕನ್ನಡದಲ್ಲಿ ಕೇಳಿದೆ, ಅನ್ನ ಸಿಗೋದಿಲ್ಲ ಅಂತ ಬರೀತಿದ್ರಲ್ಲ. ಅಯ್ಯೋ ಅದಾ, ಕಾಗದ ಮನೆಮಂದಿಯೆಲ್ಲ ಓದ್ತಿದ್ರು, ಚೆನ್ನಾಗಿದೀನಿ ಅಂತ ಬರೆದ್ರೆ ಮಗ ಮಜಾ ಮಾಡ್ತಿದಾನೆ ಅಂತಿದ್ರು ಅಪ್ಪ, ಸ್ವಲ್ಪ ಕಷ್ಟ ತೋರಿಸ್ಬೇಕು ಕಣೆ. ತೋರಿಸಿದರು. ನಾನು ನೋಡಿದೆ. ಸಾವಿರ ದಿನ ನೋಡಿದೆ. ಹೇಳಬೇಡ ವಿದ್ಯಾವತಿ, ಇದೊಂದು ನಿನ್ನದು ಅಂತ ಇತ್ತು, ಇವರ ಕೈಗೆ ಕೊಟ್ಟರೆ ಇದೂ ಹೋಗುತ್ತದೆ, ಬಾಯಿ ಮುಚ್ಚಿಕೊಂಡು ಉಂಡು ಏಳು — ಹೇಳಿಬಿಟ್ಟೆ. ರೀ, ಆ ಮೂರು ವರ್ಷ ನಾನು ಅನ್ನ ತಿಂದಿರಲಿಲ್ಲ.

ಯಾಕೆ, ಹೊಟ್ಟೆ ಸರಿಯಿರಲಿಲ್ವಾ, ಅಂದರು, ಡಾಕ್ಟರು. ನಿಮಗೆ ಸಿಗ್ತಿಲ್ಲ ಅಂತ, ಅಂದೆ. ಅಗಿಯುವುದನ್ನು ನಿಲ್ಲಿಸಿದರು, ಕಣ್ಣು ಕಿರಿದು ಮಾಡಿ ನೋಡಿದರು, ಈಗ ತಿಳಿಯುತ್ತದೆ, ಈಗ ಈ ಮನುಷ್ಯನಿಗೆ ತಿಳಿಯುತ್ತದೆ, ಇನ್ನೊಂದು ಗಳಿಗೆ — ಏ ಪೆದ್ದಿ, ಅಂದರು, ಯಾರು ಅನ್ನ ಬಿಡು ಅಂದ್ರು ನಿನಗೆ, ಸರಿ, ಈಗ ತಿನ್ನು. ಐವಿಯ ಕೈಯಿಂದ ಸೌಟು ತೆಗೆದುಕೊಂಡರು, ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷಕ್ಕೆ ಮೊದಲ ಸಲ ನನಗೆ ಬಡಿಸಲು ಬಂದಿದ್ದಾರೆ, ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ, ಬೀಗರ ಊಟದಲ್ಲಿ ಹಿಡಿಯುವ ಹಾಗೆ, ಇವರು ಸಂಕೋಚ ಅಂದುಕೊಂಡಿದ್ದಾರೆ, ಇರ್ಲಿ ಕಣೆ ಸ್ವಲ್ಪ, ಅನ್ನುತ್ತಿದ್ದಾರೆ, ನಗುತ್ತಿದ್ದಾರೆ, ಕೈ ತೆಗೆಯುವುದಿಲ್ಲ ನಾನು, ತೆಗೆಯುವುದಿಲ್ಲ, ಅನ್ನದ ಬಿಸಿ ಬೆರಳಿಗೆ ತಾಗುತ್ತಿದೆ, ಸೌಟು ಹಿಂದೆ ಹೋಗುತ್ತಿಲ್ಲ, ನನ್ನ ಕೈ, ಅದರ ಮೇಲೆ ಸೌಟು, ತುಂಬಿದ ಸೌಟು