ಗುಬ್ಬಕ್ಕನ ಸೀಟು

ಹೊಸ ಟ್ರಾಕ್ಟರು ಅವತ್ತು ಏಳನೇ ಸಲ ಕೈಕೊಟ್ಟದ್ದು ಸರಿಯಾಗಿ ಸೂಪರ್‌ವೈಸರ್ ನೋಡುತ್ತಿದ್ದಾಗಲೇ. ಬೆಳಗಿನಿಂದ ಆ ಮನುಷ್ಯ ಮೈದಾನದ ಕಡೆ ತಲೆಹಾಕಿರಲಿಲ್ಲ. ಚಹಾದ ಲೋಟ ಹಿಡಿದು ಕಚೇರಿಯ ಮೆಟ್ಟಿಲಿಗೆ ಬಂದು ನಿಂತದ್ದೇ ತಡ, ಎಂಜಿನ್ನು ಟಪ್ಪನೆ ಆರಿಹೋಯಿತು. ಯಾರ ಮುಂದೆ ಮಾನ ಕಳೆಯಬೇಕೆಂದು ಇಂಥ ಯಂತ್ರಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸೀಟಿನ ಮೇಲಿದ್ದವಳು ಗುಬ್ಬಕ್ಕ. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ನಾಲ್ಕು ಅಡಿ ಹತ್ತು ಇಂಚು ಎತ್ತರ, ನಲವತ್ತೊಂದು ಕಿಲೋ ತೂಕ. ಊರಿನ ಆಟದ ಮೈದಾನದ ಹುಲ್ಲನ್ನು ಹನ್ನೊಂದು ವರ್ಷದಿಂದ ಕತ್ತರಿಸಿಕೊಂಡು ಬಂದವಳು. ಹಳೆಯ ಟ್ರಾಕ್ಟರು ಹೊಗೆ ಕಕ್ಕುತ್ತಿತ್ತು, ಗೊರಗೊರ ಅನ್ನುತ್ತಿತ್ತು, ಆದರೆ ಒಂದು ದಿನವೂ ಅವಳನ್ನು ನಡುಮೈದಾನದಲ್ಲಿ ಕೈಬಿಟ್ಟಿರಲಿಲ್ಲ. ಅದನ್ನು ಗುಜರಿಗೆ ಹಾಕಿ ಈ ಪುಟ್ಟ ಹೊಸ ಟ್ರಾಕ್ಟರು ತಂದು ಒಂಬತ್ತು ದಿನವಾಗಿತ್ತು. ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಬ್ಲೇಡು, ಮೈಮೇಲೆ ಮುಖ ಕಾಣುವಷ್ಟು ಹೊಳಪು. ಚೆಲುವಿಗೇನೂ ಕೊರತೆ ಇರಲಿಲ್ಲ.

"ಮತ್ತೆ ನಿಂತೋಯ್ತಾ?" ಸೂಪರ್‌ವೈಸರ್ ಕೂಗಿದ.

"ಹೌದು ಸಾರ್."

"ನಿನ್ನ ಕೈಲಿ ಮಾತ್ರ ಯಾಕಮ್ಮ ನಿಲ್ಲುತ್ತೆ?"

ಉತ್ತರ ಆ ಪ್ರಶ್ನೆಯ ಒಳಗೇ ಇತ್ತು. ಆದರೆ ಕೇಳಿದವನಿಗೆ ಅದು ಬೇಕಿರಲಿಲ್ಲ, ಕೇಳಿಸಿಕೊಂಡವಳಿಗೆ ಮೈಯೆಲ್ಲ ಉರಿದು ಬೇರೇನೂ ಹೊಳೆಯಲಿಲ್ಲ.

ಷೋರೂಮಿನ ಮೆಕ್ಯಾನಿಕ್ಕು ಅದಾಗಲೇ ಎರಡು ಸಲ ಬಂದುಹೋಗಿದ್ದ. ಮೊದಲ ಸಲ ಡೀಸೆಲ್ಲಿನಲ್ಲಿ ನೀರಿದೆ ಎಂದು ಟ್ಯಾಂಕು ಬರಿದು ಮಾಡಿದ. ಎರಡನೇ ಸಲ ಫಿಲ್ಟರು ಬದಲಾಯಿಸಿದ. ಅವತ್ತು ಮಧ್ಯಾಹ್ನ ಮೂರನೇ ಸಲ ಬಂದವನು ತಾನೇ ಹತ್ತಿ ಕೂತ. ಆಸಾಮಿ ಗುಬ್ಬಕ್ಕನ ಎರಡರಷ್ಟಿದ್ದ. ಬ್ಲೇಡು ತಿರುಗಿಸಿಕೊಂಡು ಮೈದಾನಕ್ಕೆ ಎರಡು ಸುತ್ತು ಹಾಕಿದ. ಟ್ರಾಕ್ಟರು ಸಾಧುವಾಗಿ ಓಡಿತು. ಆಮೇಲೆ ಗೇಟಿನ ವಾಚ್‌ಮನ್‌ನನ್ನು ಕರೆದು ಕೂರಿಸಿದರು. ಅವನು ಮೆಕ್ಯಾನಿಕ್ಕಿಗಿಂತಲೂ ದಪ್ಪ, ಹಿಂದೆ ಎಲ್ಲೋ ಸ್ವಲ್ಪ ದಿನ ಟ್ರಾಕ್ಟರು ಓಡಿಸಿದ್ದವನು. ಅರ್ಧ ಗಂಟೆ ಓಡಿಸಿದ. ಜಪ್ಪಯ್ಯ ಅಂದರೂ ನಿಲ್ಲಲಿಲ್ಲ.

ಮೆಕ್ಯಾನಿಕ್ಕು ಸರ್ವೀಸ್ ಚೀಟಿ ತೆಗೆದು ಬರೆದ: ಯಂತ್ರ ಸರಿಯಿದೆ. ಚಾಲಕಿಗೆ ಓಡಿಸಲು ಬರುವುದಿಲ್ಲ. ಬರೆದು ಪೆನ್ನು ಅವಳ ಕಡೆ ಚಾಚಿದ. "ಇಲ್ಲೊಂದು ಸೈನ್ ಹಾಕಮ್ಮ."

"ಹಾಕಲ್ಲ."

"ಸುಮ್ನೆ ಫಾರ್ಮಾಲಿಟಿ..."

"ನಿಮ್ಮ ತಲೆನೋವನ್ನ ನನ್ನ ತಲೆಗೆ ಕಟ್ಟೋದು ಫಾರ್ಮಾಲಿಟಿನಾ? ಹಾಕಲ್ಲ ಅಂದ್ರೆ ಹಾಕಲ್ಲ."

ಸೂಪರ್‌ವೈಸರ್ ನಡುವೆ ಬಂದ. "ಸೋಮವಾರದವರೆಗೆ ನೋಡ್ತೀನಮ್ಮ. ಅವತ್ತೂ ನಿಂತ್ರೆ ವಾಚ್‌ಮನ್ ಓಡಿಸ್ತಾನೆ. ನೀನು ಪೊರಕೆ ಹಿಡಿದು ಗುಡಿಸೋರ ಜೊತೆ ಹೋಗು." ಮೂವತ್ತು ಜನ ಕೇಳಿಸಿಕೊಳ್ಳುವಷ್ಟು ದೊಡ್ಡ ದನಿಯಲ್ಲಿ ಹೇಳಿದ. ವಾಚ್‌ಮನ್ ಮುಖ ಹುಳ್ಳಗೆ ಮಾಡಿಕೊಂಡು ಅವಳ ಹತ್ತಿರ ಬಂದ. "ನಂಗೆ ಗೇಟಿನ ಕುರ್ಚಿನೇ ಸಾಕು ಕಣಕ್ಕ. ಅಲ್ಲಿ ಕಣ್ಣು ಮುಚ್ಚಿದ್ರೂ ಯಾವುದೂ ನಿಲ್ಲಲ್ಲ."

ಪೊರಕೆ ಕೀಳೆಂದು ಗುಬ್ಬಕ್ಕ ಯಾವತ್ತೂ ಅಂದುಕೊಂಡವಳಲ್ಲ. ಆ ಸೀಟಿಗೆ ಬರುವ ಮೊದಲು ನಾಲ್ಕು ವರ್ಷ ಗುಡಿಸಿದ್ದಳು. ಆದರೆ ಓಡಿಸಲು ಬರದವಳು ಅನ್ನಿಸಿಕೊಂಡು ಇಳಿಯುವುದು ಬೇರೆ ಮಾತು. ಹನ್ನೊಂದು ವರ್ಷದ ಕೆಲಸವನ್ನು ಒಂದು ಗೆರೆಯಲ್ಲಿ ಅಳಿಸಲು ಇವನ್ಯಾರು?

ಸಂಜೆ ಮನೆಯಲ್ಲಿ ಅತ್ತೆ ಹೊಲಿಗೆ ಮಷೀನಿನ ಮುಂದೆ ಕೂತು ಯಾರದೋ ರವಿಕೆಗೆ ತೋಳು ಜೋಡಿಸುತ್ತಿದ್ದರು. ಗಂಡ ಲಾರಿ ತೆಗೆದುಕೊಂಡು ಹೋಗಿದ್ದ. ಬರುವುದು ಇನ್ನು ನಾಲ್ಕು ದಿನಕ್ಕೆ. ಗುಬ್ಬಕ್ಕ ಚಪ್ಪಲಿ ಬಿಡುವ ಮೊದಲೇ ಶುರುಮಾಡಿ, ಡೀಸೆಲ್ಲು, ಫಿಲ್ಟರು, ಚೀಟಿ, ಪೊರಕೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ಅತ್ತೆ ಬಾಯಲ್ಲಿದ್ದ ಗುಂಡುಪಿನ್ನು ತೆಗೆದರು. "ಡೀಸೆಲ್ ಇಲ್ದೆ ನಿಂತ್ರೆ ಹೆಂಗೆ ನಿಲ್ಲುತ್ತೆ?"

"ಕೆಮ್ಮುತ್ತೆ. ಎರಡು ಸಲ ಎಳೆದಾಡುತ್ತೆ, ಆಮೇಲೆ ನಿಲ್ಲುತ್ತೆ."

"ಇದು?"

"ಲೈಟ್ ಆರಿಸಿದ ಹಂಗೆ."

"ಮತ್ತೆ ಡೀಸೆಲ್ ಯಾಕೆ ಚೆಲ್ಲಿದ ಆ ಪುಣ್ಯಾತ್ಮ? ನೋಡು, ನನ್ನ ಮಷೀನ್ ದಾರ ಕಡಿದ್ರೆ ನಾನು ಮಷೀನ್ ಒಂದನ್ನೇ ನೋಡಲ್ಲ. ಕಡಿಯೋ ಹೊತ್ತಲ್ಲಿ ನನ್ನ ಕೈ ಎಲ್ಲಿತ್ತು, ಕಾಲು ಎಲ್ಲಿತ್ತು ಅಂತಾನೂ ನೋಡ್ತೀನಿ."

"ಅಂದ್ರೆ ನಂದೇ ತಪ್ಪು ಅಂತೀರಾ ಅತ್ತೆ?"

"ತಪ್ಪು ಅಂದ್ನಾ? ನೋಡ್ಕೋ ಅಂದೆ. ಕಿವಿ ಎರಡೂ ನೆಟ್ಟಗಿದಾವಲ್ಲ?"

ಮರುದಿನ ಶುಕ್ರವಾರ. ಗುಬ್ಬಕ್ಕ ಎಂಜಿನ್ನಿನ ಕಡೆ ನೋಡುವುದನ್ನೇ ಬಿಟ್ಟು ತನ್ನನ್ನು ತಾನು ಕಾಯುತ್ತ ಓಡಿಸಿದಳು. ಗೋಲು ಕಂಬದ ಪಕ್ಕದ ಇಳಿಜಾರಿನಲ್ಲಿ ಮೊದಲ ಸಲ ನಿಂತಿತು. ಆಗ ಅವಳು, ಹುಲ್ಲಿನ ಪಟ್ಟಿ ಸೊಟ್ಟಗಾಗಿದೆಯೇ ಎಂದು ಹಿಂದೆ ತಿರುಗಿದ್ದಳು. ಎರಡನೇ ಸಲವೂ ಹಿಂದೆ ತಿರುಗಿದ್ದಳು. ಮೂರನೇ ಸಲವೂ ಅಷ್ಟೇ. ಪೆಡಲು ದೂರವಿದ್ದುದರಿಂದ ಅವಳು ಸೀಟಿನ ಅಂಚಿಗೆ ಕೂರುತ್ತಿದ್ದಳು. ತಿರುಗುವಾಗ ಭಾರವೆಲ್ಲ ಕಾಲಿನ ಮೇಲೆ ಬಿದ್ದು ಸೀಟು ಒಂದಿಷ್ಟು ಮೇಲೇಳುತ್ತಿತ್ತು. ಬ್ಲೇಡು ಆರಿಸಿ ಬೇಕೆಂದೇ ಹತ್ತು ಸಲ ತಿರುಗಿದಳು. ಎಂಜಿನ್ನು ಓಡುತ್ತಲೇ ಇತ್ತು. ಬ್ಲೇಡು ಹಾಕಿ ಒಂದೇ ಒಂದು ಸಲ ಅಂಡೆತ್ತಿದಳು. ಟಪ್!

ಇಳಿದು ಸೀಟಿನ ಕೆಳಗೆ ತಲೆ ತೂರಿಸಿದಳು. ಎರಡು ವೈರು, ನಡುವೆ ಒಂದು ಸ್ವಿಚ್ಚು. ಸೀಟಿನ ಹಿಂದಿನ ಚೀಲದಲ್ಲಿ ಪ್ಲಾಸ್ಟಿಕ್ಕು ಬಿಚ್ಚದೇ ಇದ್ದ ಪುಸ್ತಕ ತೆಗೆದು, ಒಂದೊಂದೇ ಹಾಳೆ ತಿರುವಿ ಓದಿದಳು. ಬ್ಲೇಡು ತಿರುಗುತ್ತಿರುವಾಗ ಸೀಟಿನ ಮೇಲೆ ಯಾರೂ ಇಲ್ಲದಿದ್ದರೆ ಎಂಜಿನ್ ತಾನಾಗಿಯೇ ನಿಲ್ಲುತ್ತದೆ, ಎಂದಿತ್ತು.

ಯಾರೂ ಇಲ್ಲದಿದ್ದರೆ! ಒಂಬತ್ತು ಹತ್ತು ದಿನದಿಂದ ಬೆವರು ಸುರಿಸಿಕೊಂಡು ಕೂತವಳು ಯಾರೂ ಅಲ್ಲವಂತೆ. ಗುಬ್ಬಕ್ಕನಿಗೆ ಆ ಟ್ರಾಕ್ಟರಿನ ಮೂತಿಗೆ ಒದೆಯಬೇಕೆನಿಸಿತು. ಒದೆಯಲಿಲ್ಲ. ಮುಂದಿನ ಹಾಳೆ ತಿರುವಿದಳು, ಅಲ್ಲಿದ್ದ ಚಿತ್ರವನ್ನು ಎರಡು ಸಲ ನೋಡಿದಳು, ಪುಟದ ಮೂಲೆ ಮಡಿಸಿ ಪುಸ್ತಕವನ್ನು ಮನೆಗೆ ಒಯ್ದಳು.

ಸೋಮವಾರ ಬೆಳಗ್ಗೆ ಸೂಪರ್‌ವೈಸರ್, ಮೆಕ್ಯಾನಿಕ್ಕು ಇಬ್ಬರೂ ಮೈದಾನಕ್ಕೆ ಬಂದಾಗ ಟ್ರಾಕ್ಟರು ನ್ಯೂಟ್ರಲ್‌ನಲ್ಲಿ, ಕೈಬ್ರೇಕು ಹಾಕಿಕೊಂಡು ನಿಂತಿತ್ತು. ಎಂಜಿನ್ನು ಓಡುತ್ತಿತ್ತು. ನೆಲದಿಂದ ಮೇಲೆತ್ತಿದ ಬ್ಲೇಡು ಗಿರ್ರನೆ ತಿರುಗುತ್ತಿತ್ತು. ಸೀಟಿನ ಮೇಲೆ, ಮೈದಾನಕ್ಕೆ ಗೆರೆ ಹಾಕುವ ಸುಣ್ಣದ ಪುಡಿಯ ಐವತ್ತು ಕಿಲೋ ಮೂಟೆ ಒರಗಿ ಕೂತಿತ್ತು. ಎತ್ತಿ ಕೂರಿಸಲು ಕೈಜೋಡಿಸಿದ್ದ ವಾಚ್‌ಮನ್ ದೂರ ನಿಂತು ಮೀಸೆಯೊಳಗೇ ನಗುತ್ತಿದ್ದ.

"ಇದೇನಮ್ಮ ಹುಚ್ಚಾಟ?" ಸೂಪರ್‌ವೈಸರ್ ಕಣ್ಣು ಕೆಂಪಗೆ ಮಾಡಿದ.

"ಹೊಸ ಡ್ರೈವರು ಸಾರ್," ಅಂದಳು ಗುಬ್ಬಕ್ಕ. "ಹತ್ತು ನಿಮಿಷದಿಂದ ಕೂತಿದ್ದಾನೆ, ಒಂದ್ಸಲನೂ ನಿಂತಿಲ್ಲ. ಆ ಚೀಟಿ ಪ್ರಕಾರ ನನಗಿಂತ ಇವನೇ ವಾಸಿ. ಕೆಲಸ ಇವನಿಗೇ ಕೊಡಿ."

ಗುಡಿಸುವವರು ಪೊರಕೆ ನಿಲ್ಲಿಸಿ ಹತ್ತಿರ ಬಂದರು. ಮೆಕ್ಯಾನಿಕ್ಕು ಒಂದು ಸಲ ಮೂಟೆ ನೋಡಿದ, ಒಂದು ಸಲ ಸೀಟಿನ ಬುಡ ನೋಡಿದ. ಅವನಿಗೆ ಅರ್ಥವಾಯಿತೆಂದು ಅವನ ಕಿವಿಗಳೇ ಹೇಳಿದವು, ಎರಡೂ ಕೆಂಪಾದವು.

"ಓ, ಸೀಟ್ ಸ್ವಿಚ್ಚಾ? ಇಷ್ಟೇನಾ! ಎರಡು ವೈರ್ ಸೇರಿಸಿ ಟೇಪ್ ಸುತ್ತಿಬಿಡ್ತೀನಿ, ಇನ್ನು ಜನ್ಮದಲ್ಲಿ ನಿಲ್ಲಲ್ಲ."

"ವೈರ್ ಮುಟ್ಟಿದ್ರೆ ನೋಡಿ! ನಾಳೆ ನಾನು ನಿಜವಾಗ್ಲೂ ಬಿದ್ರೆ ಆ ಬ್ಲೇಡು ನಿಲ್ಬೇಕು. ಸ್ವಿಚ್ ಅದರ ಕೆಲಸ ಅದು ಮಾಡಿದೆ. ನಿಮ್ಮ ಕೆಲಸ ನೀವು ಮಾಡಿಲ್ಲ." ಪುಸ್ತಕ ಬಿಚ್ಚಿ ಮಡಿಸಿದ ಪುಟವನ್ನು ಅವನ ಮೂಗಿನ ಹತ್ತಿರ ಹಿಡಿದಳು. "ಸೀಟ್ ಕೆಳಗೆ ತೂಕದ ತಿರುಪು ಇದೆ. ಕೂರೋರ ತೂಕಕ್ಕೆ ಹೊಂದಿಸಿ ಕೊಡ್ಬೇಕು ಅಂತ ಬರೆದಿದೆ. ಮುಳ್ಳು ತೊಂಬತ್ತು ಕಿಲೋದಲ್ಲಿದೆ, ನಾನಿರೋದು ನಲವತ್ತೊಂದು. ಈ ಗಾಡಿನ ಲಾರಿಯಿಂದ ಇಳಿಸಿ ಮೊದಲು ಓಡಿಸಿದ್ದು ಯಾರು?"

ಓಡಿಸಿದ್ದವನು ಮೆಕ್ಯಾನಿಕ್ಕೇ. ತನಗೆ ಹಿತವಾಗುವಂತೆ ಬಿಗಿ ಮಾಡಿಕೊಂಡು, ಹಾಗೇ ಬಿಟ್ಟುಹೋಗಿದ್ದ.

ಗುಬ್ಬಕ್ಕ ಎಂಜಿನ್ನು ಆರಿಸಿ ಸೂಪರ್‌ವೈಸರ್ ಕಡೆ ತಿರುಗಿದಳು. "ಸಾರ್, ಆ ಮೂಟೆ ಇಳಿಸಿ. ಅದು ನನ್ನ ಸೀಟು."

ಅಲ್ಲಿದ್ದವರಲ್ಲಿ ಯಾರಾದರೂ ಮುಂದೆ ಬಂದು ಇಳಿಸಬಹುದಿತ್ತು. ಯಾರೂ ಬರಲಿಲ್ಲ. ಸೂಪರ್‌ವೈಸರ್ ಎಡಬಲ ನೋಡಿ, ಕೊನೆಗೆ ತಾನೇ ಅಪ್ಪಿಕೊಂಡು ಇಳಿಸಿದ. ಕಪ್ಪು ಪ್ಯಾಂಟಿನ ತುಂಬ ಸುಣ್ಣ.

ಮೆಕ್ಯಾನಿಕ್ಕು ಮಂಡಿಯೂರಿ ತಿರುಪನ್ನು ತಿರುಗಿಸಿದ, ಸೀಟನ್ನು ಎರಡು ತೂತು ಮುಂದಕ್ಕೆ ಎಳೆದು ಬೋಲ್ಟು ಹಾಕಿದ. ಆರು ನಿಮಿಷದ ಕೆಲಸ. ಎದ್ದು ಕೈ ಒರೆಸಿಕೊಳ್ಳುತ್ತಿದ್ದವನ ಮುಂದೆ ಗುಬ್ಬಕ್ಕ ಕೈ ಚಾಚಿದಳು.

"ಚೀಟಿ."

ಅವನು ಹಳೆಯದನ್ನು ಹರಿದು ಹೊಸದು ಬರೆದ: ಸೀಟನ್ನು ಚಾಲಕಿಗೆ ಹೊಂದಿಸಿರಲಿಲ್ಲ. ಈಗ ಸರಿಪಡಿಸಿದೆ. ಅಲ್ಲಿಗೆ ನಿಲ್ಲಿಸಿದ.

"ಇನ್ನೊಂದು ಗೆರೆ ಬಾಕಿ ಇದೆ," ಅಂದಳು. "ಅವತ್ತು ನನ್ನ ಬಗ್ಗೆ ಬರೆಯೋಕೆ ಪೆನ್ನು ತಡವರಿಸ್ಲಿಲ್ಲ."

ತಪ್ಪು ನಮ್ಮದು, ಎಂದು ಅವನು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದ. ಗುಬ್ಬಕ್ಕ ಗಟ್ಟಿಯಾಗಿ ಓದಿದಳು, ಗುಡಿಸುವವರ ಕೊನೆಯ ಸಾಲಿಗೂ ಕೇಳುವಂತೆ. ಆಮೇಲೆ ಅಗಲವಾಗಿ ಸೈನ್ ಹಾಕಿದಳು. ಹಾಜರಿ ಪುಸ್ತಕದಲ್ಲಿದ್ದ ಪೂರ್ತಿ ಹೆಸರು.

ಹತ್ತಿ ಕೂತಳು. ಕಾಲು ಪೆಡಲಿಗೆ ಎಟುಕಿತು, ಬೆನ್ನು ಮೊದಲ ಸಲ ಸೀಟಿನ ಒರಗಿಗೆ ತಾಗಿತು. ಬ್ಲೇಡು ಇಳಿಸಿಕೊಂಡು ಗೋಲು ಕಂಬದ ಪಕ್ಕದ ಇಳಿಜಾರಿಗೇ ನೇರ ಬಿಟ್ಟಳು. ನಡುವೆ ಬಂದಾಗ ಹುಲ್ಲಿನ ಪಟ್ಟಿ ನೆಟ್ಟಗಿದೆಯೆಂದು ಚೆನ್ನಾಗಿ ಗೊತ್ತಿದ್ದೂ, ಬೇಕೆಂದೇ ಪೂರ್ತಿ ಹಿಂದೆ ತಿರುಗಿ, ಕಚೇರಿಯ ಮೆಟ್ಟಿಲ ಮೇಲೆ ಸುಣ್ಣ ಕೊಡವಿಕೊಳ್ಳುತ್ತಿದ್ದ ಸೂಪರ್‌ವೈಸರನ್ನು ಇಳಿಜಾರು ಮುಗಿಯುವವರೆಗೂ ನೋಡಿದಳು.

ಎಂಜಿನ್ನು ಓಡುತ್ತಲೇ ಇತ್ತು.